ಮನೆಯ ಧ್ವನಿಮುದ್ರಣ ಕೋಣೆಯೂ ಮಂದ್ರನಾದದ ಪ್ರಾಮಾಣ್ಯವೂ

ಇತಿಹಾಸದ ಆಕರಗಳೆಂದರೆ ಶಾಸನ, ಕಡತ, ನಾಣ್ಯಗಳು ಮಾತ್ರ ಎಂದಿದ್ದ ಕಾಲ ಹೋಯಿತು. ಹಳೆಯ ಗ್ರಾಮಫೋನ್ ತಟ್ಟೆಗಳೂ ಹಿರಿಯರ ಮಾತಿನ ಧ್ವನಿಮುದ್ರಣಗಳೂ ಇಂದು ಆಕರಗಳೇ. ಇಂಥವನ್ನು ಆಸಕ್ತರು ಮನೆಯ ಒಂದು ಕೋಣೆಯಲ್ಲಿ ಕುಳಿತು ಪ್ರತಿಮಾಡಿ, ಕಿವಿಗೆ ಒಪ್ಪುವಂತೆ ತಿದ್ದಿ ಹೊರತರುವುದುಂಟು. ಅವರ ಶ್ರಮ ಸ್ತುತ್ಯವಾದುದು. ಆದರೆ ತಿದ್ದುಪಡಿಗೆ, ಅದರಲ್ಲಿಯೂ ಮಂದ್ರನಾದದ ತಿದ್ದುಪಡಿಗೆ, ಆಧಾರವೇನು ಎಂದು ಕೇಳುವವರು ವಿರಳ. ಕೋಣೆಯನ್ನು ಅಳೆಯದೆ ಮಾಡಿದ ತಿದ್ದುಪಡಿಯು ಪಾಠಶೋಧನೆಯಲ್ಲ, ಪ್ರಕ್ಷೇಪವೇ ಎಂಬುದು ನಮ್ಮ ಅಭಿಪ್ರಾಯ.

ಕೋಣೆಯ ದೋಷವೆಂದರೆ ಅನುರಣನ, ಅದಕ್ಕೆ ಪರಿಹಾರವೆಂದರೆ ಗೋಡೆಗೆ ಮೆತ್ತೆ ಹೊದಿಸುವುದು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಇದರ ಮೂಲವನ್ನು ಹುಡುಕಹೊರಟರೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೇಸ್ ಸಬೀನ್‌ನಲ್ಲಿಗೆ ಬರುತ್ತೇವೆ. ಮಾತು ತಿಳಿಯದಷ್ಟು ಮಾರ್ದನಿಗೊಡುತ್ತಿದ್ದ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸಭವನವನ್ನು ಸರಿಪಡಿಸುವ ಕೆಲಸ 1895ರಲ್ಲಿ ಆತನ ಪಾಲಿಗೆ ಬಂದಿತು. ಆತನು ಆಸನಗಳ ಮೆತ್ತೆಗಳನ್ನು ತರಿಸಿ ಹಾಸಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ, ದನಿ ಅಡಗುವ ಕಾಲವನ್ನು ಗುಣಿಸಿದನು. ಅದರಿಂದ ಹುಟ್ಟಿದ ಸೂತ್ರವು 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ನ ರಚನೆಗೆ ನೆರವಾಯಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಆ ಕೊಳವೆಯ ಸ್ವರ ಸೆಕೆಂಡಿಗೆ 512 ಕಂಪನಗಳದು, ಅದು ಮಂದ್ರವಲ್ಲ. ಎರಡನೆಯದಾಗಿ, ನಾದವು ಕೋಣೆಯಲ್ಲೆಲ್ಲ ಸಮನಾಗಿ ಹರಡಿರುತ್ತದೆಂಬ ಊಹೆಯ ಮೇಲೆ ಸೂತ್ರ ನಿಂತಿದೆ. ಸಬೀನನನ್ನು ದೂರುವುದು ಅನ್ಯಾಯ. ಬೇರೆ ಬೇರೆ ಸ್ಥಾಯಿಗಳಲ್ಲಿ ಅನುರಣನ ಭಿನ್ನವೆಂಬುದನ್ನು ಆತನೇ 1906ರಲ್ಲಿ ಪ್ರಕಟಿಸಿದನು. ದೋಷವಿರುವುದು ದೊಡ್ಡ ಸಭಾಂಗಣದ ನ್ಯಾಯವನ್ನು ಸಣ್ಣ ಕೋಣೆಯ ಮಂದ್ರಕ್ಕೂ ಅನ್ವಯಿಸುವವರಲ್ಲಿ. ಈ ಊಹೆ ಎಲ್ಲಿಂದ ಮೇಲಕ್ಕೆ ಸಲ್ಲುವುದೆಂಬುದಕ್ಕೆ ಶ್ರೋಡರ್ ಮತ್ತು ಕುಟ್ರುಫ್ ಎಂಬ ವಿದ್ವಾಂಸರು 1962ರಲ್ಲಿ ಒಂದು ಎಲ್ಲೆಯನ್ನು ಸೂಚಿಸಿದರು. ಅದರಂತೆ 36 ಘನಮೀಟರು ಗಾತ್ರದ, 0.4 ಸೆಕೆಂಡು ಅನುರಣನದ ಕೋಣೆಯಲ್ಲಿ ಆ ಎಲ್ಲೆ ಸುಮಾರು 210 ಕಂಪನಗಳು. ಅದಕ್ಕಿಂತ ಕೆಳಗೆ ನಾದವು ಸಮನಾಗಿ ಹರಡುವುದಿಲ್ಲ. ಕೋಣೆಯ ಅಳತೆಗೆ ತಕ್ಕ ಕೆಲವು ಸ್ಥಿರತರಂಗಗಳೇ ಆಳುತ್ತವೆ.

4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರದ ಕೋಣೆಯನ್ನೇ ತೆಗೆದುಕೊಳ್ಳೋಣ. ನಾದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಉದ್ದದ ದಿಕ್ಕಿನಲ್ಲಿ ಮೊದಲ ಸ್ಥಿರತರಂಗ 43 ಕಂಪನಗಳಲ್ಲಿಯೂ ಎರಡನೆಯದು 86ರಲ್ಲಿಯೂ ಏಳುತ್ತವೆ. ಅಗಲ ಎತ್ತರಗಳು ಸಮವಾಗಿರುವುದರಿಂದ 57ರಲ್ಲಿ ಎರಡು ಕೂಡಿ ಮತ್ತಷ್ಟು ಮೊಳಗುತ್ತವೆ. ಹಿಂಗೋಡೆಯಿಂದ ಒಂದು ಮೀಟರು ದೂರದಲ್ಲಿ ಕುಳಿತವನಿಗೆ 86ರ ಸ್ವರ ಬಹಳ ಕ್ಷೀಣ. ಗೋಡೆಗೆ ಒರಗಿದವನಿಗೆ ಅದೇ ಅತಿಯಾಗಿ ಕೇಳುತ್ತದೆ. ಗಂಡಸಿನ ಮಾತಿನ ದನಿಯ ತಳ ಇರುವುದು ಸುಮಾರು ಈ ಮಟ್ಟದಿಂದ ಮೇಲಕ್ಕೆ ಎಂಬುದನ್ನು ನೆನೆದರೆ ಅಪಾಯ ಸ್ಪಷ್ಟವಾದೀತು. ಒಂದೇ ಧ್ವನಿಮುದ್ರಣವನ್ನು ಒಬ್ಬನು ತೆಳುವೆಂದು ತುಂಬುವನು. ಇನ್ನೊಬ್ಬನು ದಪ್ಪವೆಂದು ಕೊರೆಯುವನು. ಇಬ್ಬರೂ ತಿದ್ದಿದ್ದು ಆಕರವನ್ನು. ತಪ್ಪಿದ್ದದ್ದು ಕುರ್ಚಿಯ ಸ್ಥಾನ.

ಆದುದರಿಂದ ಅಳತೆಯೇ ಮೊದಲು. ಕಿವಿಯಿರುವ ಸ್ಥಾನದಲ್ಲಿ ಮೈಕ್ರೋಫೋನನ್ನಿರಿಸಿ, 20ರಿಂದ 200 ಕಂಪನಗಳವರೆಗೆ ಏರುವ ಸ್ವರವನ್ನು ಸ್ಪೀಕರಿನಿಂದ ನುಡಿಸಿ, ಗಣಕಯಂತ್ರದಲ್ಲಿ ರೇಖೆ ಎಳೆಯಿಸಬೇಕು. ಯಾವ ಸ್ವರ ಎಷ್ಟು ಹೊತ್ತು ಉಳಿಯುವುದೆಂಬುದನ್ನೂ ನೋಡಬೇಕು. ಬಳಿಕ ಕುರ್ಚಿಯನ್ನೂ ಸ್ಪೀಕರುಗಳನ್ನೂ ಗೇಣುಗೇಣಾಗಿ ಸರಿಸಿ ಮತ್ತೆ ಅಳೆಯಬೇಕು, ಖರ್ಚಿಲ್ಲದ ಪರಿಹಾರವಿದು. ಅನಂತರವೇ ಹೀರುವ ಸಾಮಗ್ರಿ. 86 ಕಂಪನಗಳ ಅಲೆಯ ಉದ್ದ 4 ಮೀಟರು. 5 ಸೆಂಟಿಮೀಟರು ದಪ್ಪದ ಸ್ಪಂಜು ಅದನ್ನು ತಡೆಯಲಾರದು. ಅದು ತಾರದ ಹೊಳಪನ್ನು ನುಂಗಿ ಮಂದ್ರದ ಗದ್ದಲವನ್ನು ಹಾಗೆಯೇ ಬಿಡುವುದರಿಂದ ಕೋಣೆ ಇನ್ನೂ ಮಂಕಾಗುತ್ತದೆ. ಮೂಲೆಗಳಲ್ಲಿ ದಪ್ಪನಾಗಿ ತುಂಬಿದ ಖನಿಜದ ನಾರು, ಇಲ್ಲವೆ ಆ ಸ್ವರಕ್ಕೆಂದೇ ಅಳವಡಿಸಿದ ಅನುನಾದದ ಪೆಟ್ಟಿಗೆಗಳು ಪ್ರಯೋಜನಕ್ಕೆ ಬರುತ್ತವೆ. ಅಲೆಗಳು ಒಂದನ್ನೊಂದು ಅಳಿಸುವ ಸ್ಥಾನವನ್ನು ಈಕ್ವಲೈಸರಿನಿಂದ ತುಂಬಲಾಗದು. ನೇರವಾಗಿ ಬರುವ ನಾದವೂ ಮರಳಿ ಬರುವ ನಾದವೂ ಒಟ್ಟಿಗೇ ಬೆಳೆಯುವುದರಿಂದ ಅಳಿಯುವಿಕೆ ಇದ್ದಂತೆಯೇ ಇರುತ್ತದೆ.

ಪಳಗಿದ ಕಿವಿ ತನ್ನ ಕೋಣೆಯನ್ನು ಬಲ್ಲದು ಎಂಬ ಆಕ್ಷೇಪವಿದೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ; ಹೆಡ್‌ಫೋನಿನ ನೆರವೂ ಉಪೇಕ್ಷಣೀಯವಲ್ಲ. ಆದರೆ ಅಭ್ಯಾಸವು ಇರುವ ವಿಕಾರವನ್ನು ಕಳೆದು ಕೇಳಬಲ್ಲದೇ ಹೊರತು, ಕಿವಿಗೆ ಬಾರದೆ ಹೋದುದನ್ನು ಕೇಳಿಸಲಾರದು.

ಇದು ಕೇವಲ ಯಂತ್ರದ ವಿಚಾರವಲ್ಲ. ಭಾರತದಲ್ಲಿ ಗ್ರಾಮಫೋನ್ ಕಂಪೆನಿಯು 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡ ಗಾಯನಗಳೆಲ್ಲ ಕೊಂಬಿನ ಮುಂದೆ ಹಾಡಿದವು. ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂದದ್ದು 1925ರಲ್ಲಿ. ಕೊಂಬಿನ ಕಾಲದ ತಟ್ಟೆಗಳಲ್ಲಿ ಮಂದ್ರವು ಸ್ವಲ್ಪವೇ ಮೂಡಿದೆ. ಅಲ್ಲಿ ಮಂದ್ರವನ್ನು ಹೆಚ್ಚಿಸಿದರೆ ಏಳುವುದು ಬಹುಮಟ್ಟಿಗೆ ಯಂತ್ರದ ಗುಡುಗು. ಅದನ್ನು ಕೇಳಿ ಅಂದಿನ ಮೃದಂಗದ ಎಡಮುಖದ ಗಾಂಭೀರ್ಯವನ್ನು ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿಯು ವಾಸ್ತವವಾಗಿ ಯಾರದೋ ಮನೆಯ ಕೋಣೆಯ ಚರಿತ್ರೆಯನ್ನು ಬರೆದಂತಾಗುತ್ತದೆ.

ತಿದ್ದದ ಪ್ರತಿಯೊಂದನ್ನು ಹಾಗೆಯೇ ಕಾದಿಡುವುದು, ತಿದ್ದಿದ ಪ್ರತಿಯೊಡನೆ ತಿದ್ದುಪಡಿಯ ವಿವರವನ್ನೂ ಕೋಣೆಯ ಅಳತೆಯ ರೇಖೆಯನ್ನೂ ಇಡುವುದು, ಇವೆರಡು ನಿಯಮಗಳನ್ನಾದರೂ ಸಂಪಾದಕರು ಪಾಲಿಸಬೇಕು. ಶಾಸನದ ಪಡಿಯಚ್ಚು ತೆಗೆಯುವವನಿಂದ ನಾವು ಬಯಸುವ ಎಚ್ಚರವನ್ನು ನಾದದ ಪ್ರತಿ ತೆಗೆಯುವವನಿಂದಲೂ ಬಯಸುವುದು ನ್ಯಾಯವೇ ಸರಿ.