ಬೇವಿನ ಸೋಪಿಗೆ ಎಷ್ಟು ಅಂಕ?

ಎಲೆಕೋಸಿನ ಎಲೆ ಮಗುಚಿ ಅಡಿಯ ಹಸಿರು ಹುಳಕ್ಕೆ ಬೆರಳು ತಾಗಿಸಿದರೆ ಸಾಕು, ನುಲಿದು ನೂಲು ಬಿಟ್ಟು ಜೋತುಬೀಳುತ್ತದೆ. ವಜ್ರಬೆನ್ನಿನ ಪತಂಗದ ಮರಿ. 1953ರಲ್ಲೇ ಜಾವಾದಲ್ಲಿ ಡಿಡಿಟಿಗೆ ಜಗ್ಗದೆ ನಿಂತ ಜಾತಿ ಇದು. ಮುಂದೆ ಬಿಟಿ ಬ್ಯಾಕ್ಟೀರಿಯಾದ ಪುಡಿಯನ್ನೂ ಅರಗಿಸಿಕೊಂಡಿತು. ಶಿವಮೊಗ್ಗ, ಭದ್ರಾವತಿಯ ಗೊಬ್ಬರದಂಗಡಿಗಳಲ್ಲಿ ಕೇಳುವುದು ಮಾತ್ರ ಈಗಲೂ ಒಂದೇ: 'ಹುಳಕ್ಕೆ ಔಷಧಿ ಕೊಡಿ.' ವಿಷಕ್ಕೆ ಔಷಧಿ ಎನ್ನುವ ನಾವು ಯಾರನ್ನು ರೋಗಿ ಅಂದುಕೊಂಡಿದ್ದೇವೋ!

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪುಗಳನ್ನು 'ನೈಸರ್ಗಿಕ' ಎಂದು ಹೊಗಳುವವರು ಅವುಗಳ ನಿಜವಾದ ಜಾಣ್ಮೆಯನ್ನು ಗಮನಿಸಿಲ್ಲ. ಬೇವಿನ ಕಷಾಯ ಮೊದಲೂ ಇತ್ತು. 5 ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರ್ ಮಾಡಿ, ಸೋಪಿನ ಪುಡಿ ಕದಡಬೇಕು. ಸರಿಯಾಗಿ ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಮಲೆನಾಡಿನ ಅಂಚಿನಲ್ಲಿ ಅಷ್ಟು ಬೇವಿನ ಬೀಜ ಹೊಂಚುವುದೂ ಸುಲಭವಲ್ಲ. ಸೋಪು ಈ ಗೋಳನ್ನೆಲ್ಲ ಒಂದು ತುಂಡಿಗೆ ಇಳಿಸಿತು: ಹೆಚ್ಚಿ, ಕರಗಿಸಿ, ಕ್ಯಾನಿಗೆ ಸುರಿ. ಕೋಸಿನ ಮೇಣದೆಲೆ ಮೇಲೆ ಬರೀ ನೀರು ಮಣಿಯಂತೆ ಉರುಳಿಹೋಗುತ್ತದೆ. ಸೋಪು ಅದನ್ನು ಎಲೆಗೆ ಹರಡಿಸುತ್ತದೆ. ಹಳೆಯ ಎಣ್ಣೆ ದ್ರಾವಣಗಳಂತೆ ಮೂಗಿಗೆ ಅಡರುವ ದ್ರಾವಕದ ಘಾಟಿಲ್ಲ, ಚರ್ಮದೊಳಗೆ ಇಳಿಯುವ ಭಯವೂ ಕಡಿಮೆ.

ಕೊರತೆಗಳೂ ಉಂಟು. ಬಿಸಿಲಿಗೆ ಬೇವಿನ ಸತ್ವ ಬೇಗ ಹಾಳಾಗುತ್ತದೆ. ಇಲ್ಲಿನ ಜಿಟಿಜಿಟಿ ಮಳೆಗೆ ತೊಳೆದುಹೋಗುತ್ತದೆ. ಗಡಸು ಬೋರ್‌ವೆಲ್ ನೀರಲ್ಲಿ ಸೋಪು ಒಡೆದು ಗಷ್ಟಾಗುತ್ತದೆ. ಇವೆಲ್ಲ ಸಹಿಸಬಹುದು. ದೊಡ್ಡ ತೊಡಕೆಂದರೆ, ಹುಳ ಕೂಡಲೇ ಸಾಯುವುದಿಲ್ಲ. ತಿನ್ನುವುದು ಬಿಡುತ್ತದೆ, ಪೊರೆ ಕಳಚಲಾರದೆ ಸೊರಗುತ್ತದೆ. ಬೆಳಿಗ್ಗೆ ಬಂದು ಹೆಣ ಎಣಿಸುವ ರೈತನ ಕಣ್ಣಿಗೆ ಅದು ಸೋಲು, ಸಂಜೆಗೆ ಮತ್ತೆ ಅಂಗಡಿಗೆ. ರೈತನನ್ನು ದೂರುವುದು ಸುಲಭ. ನನ್ನ ತಕರಾರು ಸೋಪು ಕೊಟ್ಟು ಇದನ್ನು ಹೇಳದವರ ಮೇಲೆ. ಬದನೆ, ಟೊಮೆಟೊ ಕಾಯೊಳಗೆ ಹೊಕ್ಕ ಹುಳಕ್ಕಂತೂ ಇದು ತಲುಪುವುದೇ ಇಲ್ಲ. ಮೊಟ್ಟೆ, ಮರಿ ಇರುವಾಗಲೇ ಹೊಡೆಯಬೇಕು.

ಅದೇ ಸಂಸ್ಥೆ 25 ಸಾಲು ಕೋಸಿಗೆ 2 ಸಾಲು ಸಾಸಿವೆ ಬಿತ್ತಿ ಎಂದೂ ಹೇಳಿದೆ. ಪತಂಗ ಸಾಸಿವೆಯ ಮೇಲೇ ಹೆಚ್ಚು ಮೊಟ್ಟೆ ಇಡುತ್ತದೆ, ಕೋಸಿನ ಮೇಲೆ ಹೊರೆ ಇಳಿಯುತ್ತದೆ, ಸೋಪಿಗೂ ಕೆಲಸ ಹಗುರ. ಸಾಸಿವೆಯ ಮೊದಲ ಸಾಲನ್ನು ಮಾತ್ರ ಕೋಸಿನ ನಾಟಿಗಿಂತ 15 ದಿನ ಮೊದಲೇ ಬಿತ್ತಿರಬೇಕು. ಅಂದರೆ ಹುಳ ಕಂಡ ಮೇಲೆ ಅಂಗಡಿಗೆ ಓಡಿದವನಿಗೆ ಸಾಸಿವೆಯ ಈ ನೆರವು ಸಿಗುವುದಿಲ್ಲ.