ಶಾಲೆ ಬಿಟ್ಟ ಮಗು, ಶಾಲೆ ಸಿಗದ ಮಗು

ಕಳೆದ ಮಳೆಗಾಲದಲ್ಲಿ ವೈಟ್‌ಫೀಲ್ಡಿನಲ್ಲಿರುವ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಅಂದು ಬುಧವಾರ, ಹೊತ್ತು ಹತ್ತೂವರೆ. ಅವರ ಒಂಬತ್ತು ವರ್ಷದ ಮಗ ಬಾಲ್ಕನಿಯಲ್ಲಿ ಕುಳಿತು ಪ್ಲಾಸ್ಟಿಕ್ ಬಾಟಲಿಯೊಂದನ್ನು ಕತ್ತರಿಸಿ ಮಳೆ ಅಳೆಯುವ ಸಾಧನ ಮಾಡುತ್ತಿದ್ದ. "ಇವತ್ತು ಶಾಲೆಗೆ ರಜೆಯೇನಪ್ಪಾ?" ಎಂದು ಕೇಳಿದೆ. "ನಾನು ಶಾಲೆಗೆ ಹೋಗೋದಿಲ್ಲ ಅಂಕಲ್, ನನ್ನದು ಹೋಂಸ್ಕೂಲಿಂಗ್" ಎಂದು ತಲೆಯೆತ್ತದೆ ಹೇಳಿದ. ಹಿಂದಿನ ವಾರ ಎಷ್ಟು ಮಳೆ ಬಿದ್ದಿತ್ತೆಂದು ತನ್ನ ನೋಟುಬುಕ್ಕಿನ ಪುಟ ತೆರೆದು ತೋರಿಸಿದ. ಅವನ ಕಣ್ಣಲ್ಲಿದ್ದ ಹುರುಪು ನನಗೆ ಇಷ್ಟವಾಯಿತು.

ಅಲ್ಲಿಂದ ಹೊರಟು ಮೆಟ್ರೋ ನಿಲ್ದಾಣದತ್ತ ನಡೆದು ಬರುವಾಗ, ಅದೇ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ತಾಗಿಕೊಂಡು ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳಿದ್ದವು. ಹೆಚ್ಚುಕಡಿಮೆ ಅದೇ ವಯಸ್ಸಿನ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಅವಳಿಗೂ ಅದೇ ಪ್ರಶ್ನೆ ಕೇಳಿದೆ. "ಊರಾಗ ಹೋಗ್ತಿದ್ನಿರೀ, ಇಲ್ಲಿಗೆ ಬಂದಮ್ಯಾಗ ಇಲ್ಲ" ಎಂದಳು.

ಒಂದೇ ಗೋಡೆಯ ಎರಡು ಬದಿಯಲ್ಲಿ ಎರಡು ಮಕ್ಕಳು. ಇಬ್ಬರೂ ಶಾಲೆಗೆ ಹೋಗುವುದಿಲ್ಲ. ಒಬ್ಬ ಶಾಲೆಯನ್ನು ಬಿಟ್ಟವನು, ಇನ್ನೊಬ್ಬಳನ್ನು ಶಾಲೆಯೇ ಬಿಟ್ಟಿದೆ. ಮಗುವಿನ ಇಚ್ಛೆಯೇ ಕಲಿಕೆಯನ್ನು ನಡೆಸಬೇಕೆಂಬ ಇಂದಿನ ಮನೆಶಾಲೆಯ ಚಿಂತನೆಯನ್ನು ಈ ಗೋಡೆಯ ಬಳಿ ನಿಂತು ಪರಿಶೀಲಿಸಬೇಕೆಂದು ನನಗೆ ಅನಿಸಿತು.

ಈ ಚಿಂತನೆಯನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅದಕ್ಕೆ ಗಂಭೀರವಾದ ಹಿನ್ನೆಲೆಯಿದೆ. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ ತರಗತಿಯಲ್ಲಿ ಮಕ್ಕಳನ್ನು ಹತ್ತಿರದಿಂದ ಗಮನಿಸಿ, ಮಕ್ಕಳು ಏಕೆ ಸೋಲುತ್ತಾರೆ ಎಂಬುದರ ಕುರಿತು 1964ರಲ್ಲಿ ಒಂದು ಪುಸ್ತಕ ಬರೆದ. ಮಕ್ಕಳು ದಡ್ಡರಾದ್ದರಿಂದ ಸೋಲುವುದಿಲ್ಲ, ಹೆದರಿ ಸೋಲುತ್ತಾರೆ; ಪಾಠ ಕಲಿಯುವ ಬದಲು ಶಿಕ್ಷಕರನ್ನು ಮೆಚ್ಚಿಸುವ ಉಪಾಯಗಳನ್ನು ಕಲಿಯುತ್ತಾರೆ ಎಂಬುದು ಅವನ ತಿರುಳು. ಹಲವು ವರ್ಷ ಶಾಲೆಗಳನ್ನು ಸುಧಾರಿಸಲು ದುಡಿದ ಅವನು ಕೊನೆಗೆ ಆಸೆ ಬಿಟ್ಟು, 1977ರಲ್ಲಿ ಮನೆಯಲ್ಲೇ ಮಕ್ಕಳನ್ನು ಬೆಳೆಸುವ ಪೋಷಕರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿದ. ಅದಕ್ಕೂ ಮೊದಲೇ, 1971ರಲ್ಲಿ, ಇವಾನ್ ಇಲಿಚ್ ಸಮಾಜವನ್ನೇ ಶಾಲೆಯ ಹಿಡಿತದಿಂದ ಬಿಡಿಸಬೇಕೆಂದು ವಾದಿಸಿದ್ದ. ನಮ್ಮ ಶಾಲೆಗಳನ್ನು ಬಲ್ಲ ಯಾರೂ ಇವರ ಟೀಕೆಯನ್ನು ಸುಳ್ಳೆನ್ನಲಾರರು. ಬೆತ್ತ, ಬಾಯಿಪಾಠ, ರ‍್ಯಾಂಕು, ಟ್ಯೂಷನ್ ಇವುಗಳ ನಡುವೆ ಪ್ರಶ್ನೆ ಕೇಳುವ ಮಗು ಎಲ್ಲಿ ಕಳೆದುಹೋಗುತ್ತದೆ ಎಂಬುದು ನಮಗೂ ಗೊತ್ತು.

ಈ ವಿಚಾರಕ್ಕೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಸರ್ಜಾಪುರ ರಸ್ತೆಗಳಲ್ಲಿ ನೆಲ ಸಿಕ್ಕಿದ್ದರಲ್ಲಿ ಅಚ್ಚರಿಯಿಲ್ಲ. ಶಾಲೆಯ ಶುಲ್ಕ ಲಕ್ಷ ದಾಟುತ್ತದೆ. ಟ್ರಾಫಿಕ್‌ನಲ್ಲಿ ಶಾಲಾಬಸ್ಸು ಮಗುವಿನ ದಿನದ ದೊಡ್ಡ ಪಾಲನ್ನೇ ತಿನ್ನುತ್ತದೆ. ಮನೆಯಲ್ಲಿ ಇಂಟರ್ನೆಟ್ಟಿದೆ, ಪುಸ್ತಕಗಳಿವೆ, ಪದವಿ ಪಡೆದ ತಾಯಿತಂದೆಯರಿದ್ದಾರೆ. ಪ್ರಮಾಣಪತ್ರದ ಚಿಂತೆಗೂ ದಾರಿಯಿದೆ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 14 ವರ್ಷ ತುಂಬಿದ ಮಗು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆ ಬರೆಯಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯು ತನ್ನ 10ನೇ ಕಲಮಿನಲ್ಲಿ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆಯಾದರೂ, ಸೇರಿಸದವರಿಗೆ ಅಲ್ಲಿ ಯಾವ ಶಿಕ್ಷೆಯನ್ನೂ ಹೇಳಿಲ್ಲ.

ಕನ್ನಡಿಗರಿಗೆ ಇದು ತೀರಾ ಹೊಸ ವಿಚಾರವೂ ಅಲ್ಲ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಗಳನ್ನು ಮಾಡಿದರು. ಅವರ ಮಗ, ಹುಲಿಗಳ ಅಧ್ಯಯನದಿಂದ ಹೆಸರಾದ ಉಲ್ಲಾಸ ಕಾರಂತರು, ಬಾಲ್ಯದ ಆರಂಭದ ವರ್ಷಗಳಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವರು. ಮುಂದೆ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ಹೊರಳಿದವರು. ಆದರೆ ಕಾರಂತರ ಮಟ್ಟಿಗೆ ಮಕ್ಕಳ ಕುತೂಹಲ ತಮ್ಮ ಮನೆಯ ಅಂಗಳದಲ್ಲಿ ಮುಗಿಯುವ ಸಂಗತಿಯಾಗಿರಲಿಲ್ಲ. 1936ರಲ್ಲೇ ಅವರು 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಕನ್ನಡದ ಎಲ್ಲ ಮಕ್ಕಳ ಕೈಗಿತ್ತಿದ್ದರು. ಜಗತ್ತನ್ನು ಕುರಿತ ಮಗುವಿನ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರವಿರಬೇಕು, ಅದು ಯಾರಿಗಾದರೂ ಸಿಗಬೇಕು ಎಂಬ ಹಟ ಆ ಸಂಪುಟಗಳ ಹಿಂದಿತ್ತು.

ಅದೇ ಕರಾವಳಿಯ ಇನ್ನೊಂದು ತುದಿಯಲ್ಲಿ, 'ಬಾಲ ಪ್ರಪಂಚ' ಬಂದ 1936ರಲ್ಲೇ ಕಾಸರಗೋಡಿನಲ್ಲಿ ಸಾರಾ ಅಬೂಬಕ್ಕರ್ ಹುಟ್ಟಿದರು. ಅಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಅವರೂ ಒಬ್ಬರು. ಮುಂದೆ ಓದುವ ಆಸೆಯಿದ್ದರೂ ಸಮಾಜದ ಕಟ್ಟಳೆ ಬಿಡಲಿಲ್ಲ. ಗ್ರಂಥಾಲಯದ ಸದಸ್ಯತ್ವ ಅವರ ಕೈಗೆ ಸಿಕ್ಕಿದ್ದು 1963ರಲ್ಲಿ. ಅಲ್ಲಿಂದಾಚೆಗೆ ಅವರು ಓದಿದ್ದೆಲ್ಲ ಮನೆಯ ಕಲಿಕೆಯೇ, ಅದೂ ಪೂರ್ತಿ ಸ್ವಂತ ಇಚ್ಛೆಯಿಂದ ನಡೆದದ್ದು. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬಂದದ್ದು ಆ ಓದಿನ ನಂತರ. ಆದರೆ ಅದಕ್ಕೂ ಮೊದಲು ಕನ್ನಡ ಶಾಲೆಯ ಬೆಂಚೊಂದು ಇರದಿದ್ದರೆ ಆ ಗ್ರಂಥಾಲಯದ ಕಾರ್ಡು ಯಾವ ಪ್ರಯೋಜನಕ್ಕೆ ಬರುತ್ತಿತ್ತು? ಲೇಖಕರ ಮನೆಯ ಹುಡುಗನಿಗೆ ಶಾಲೆಯಿಲ್ಲದೆಯೂ ಜಗತ್ತು ತೆರೆದಿತ್ತು. ಕಾಸರಗೋಡಿನ ಹುಡುಗಿಗೆ ಜಗತ್ತಿನ ಬಾಗಿಲೆಂದರೆ ಶಾಲೆಯೇ ಆಗಿತ್ತು.

ಮನೆಶಾಲೆಯ ಪ್ರತಿಪಾದಕರು ಮರೆಯುವ ಮಾತು ಇದು. "ಮಗುವನ್ನು ಅದರ ಪಾಡಿಗೆ ಬಿಡಿ, ಅದು ತಾನೇ ಕಲಿಯುತ್ತದೆ" ಎನ್ನುತ್ತಾರೆ. ಹೌದು, ಕಲಿಯುತ್ತದೆ. ಆದರೆ ಏನನ್ನು? ತನ್ನ ಸುತ್ತ ಇರುವುದನ್ನು. ಮಳೆ ಅಳೆಯುವ ಆಸೆ ಗೆಳೆಯರ ಮಗನಿಗೆ ಆಕಾಶದಿಂದ ಇಳಿದು ಬಂದದ್ದಲ್ಲ. ಅವನ ಮನೆಯ ಕಪಾಟಿನಲ್ಲಿ ಹವಾಮಾನದ ಪುಸ್ತಕವಿತ್ತು. ಕೆಲಸ ಬಿಟ್ಟು ಮನೆಯಲ್ಲುಳಿದ ಎಂಜಿನಿಯರ್ ತಾಯಿ ಪಕ್ಕದಲ್ಲಿದ್ದರು. ಶೆಡ್ಡಿನ ಹುಡುಗಿಯೂ ತನ್ನ ಪರಿಸರದಿಂದ ಕಲಿಯುತ್ತಿದ್ದಾಳೆ. ಮಗುವನ್ನು ಸಂಭಾಳಿಸುವುದು, ಟ್ಯಾಂಕರ್ ಬಂದಾಗ ನೀರು ಹಿಡಿಯುವುದು, ಮೇಸ್ತ್ರಿಯ ಕಣ್ಣು ತಪ್ಪಿಸುವುದು ಎಲ್ಲವೂ ಅವಳಿಗೆ ಗೊತ್ತು. ಅದನ್ನು 'ಸ್ವತಂತ್ರ ಕಲಿಕೆ' ಎಂದು ಕರೆಯುವ ಧೈರ್ಯ ಯಾರಿಗಿದೆ?

ಆ ತಾಯಿಯ ದುಡಿಮೆಯನ್ನೂ ಇಲ್ಲಿ ಎಣಿಸಬೇಕು. ಮಗು ಕೇಂದ್ರದಲ್ಲಿದೆ ಎನ್ನುವ ಈ ಕಲಿಕೆಯ ಭಾರ ಬಹುತೇಕ ತಾಯಿಯ ಮೇಲೇ ಬೀಳುತ್ತದೆ. ಹೆಣ್ಣು ಓದಿ ಗಳಿಸಿದ ಉದ್ಯೋಗವನ್ನು ಮಗನ ಸ್ವಾತಂತ್ರ್ಯಕ್ಕಾಗಿ ಬಿಡುವುದು ಯಾರ ಸ್ವಾತಂತ್ರ್ಯ ಎಂದು ಕೇಳಿದರೆ ಗೆಳೆಯರು ನಕ್ಕರು. ಅವರ ಪತ್ನಿ ನಗಲಿಲ್ಲ. ಭಾಷೆಯ ವಿಷಯವೂ ಹೀಗೆಯೇ. ಆ ಹುಡುಗನ ಪುಸ್ತಕ, ವಿಡಿಯೋ, ಆಟದ ಗೆಳೆಯರು ಎಲ್ಲವೂ ಇಂಗ್ಲಿಷಿನಲ್ಲಿ. ನನ್ನೊಡನೆ ಮಾತಾಡುವಷ್ಟು ಕನ್ನಡ ಅವನಿಗೆ ಬರುತ್ತದೆ, ಓದಲು ಬರುವುದಿಲ್ಲ. ಅವನಿಗೆ 'ಇಷ್ಟ'ವಾಗದ್ದರಿಂದ ಕಲಿಸಿಲ್ಲವಂತೆ. ಕೇಳದ, ಕಾಣದ ಅಕ್ಷರದ ಮೇಲೆ ಮಗುವಿಗೆ ಇಷ್ಟ ಹುಟ್ಟುವುದಾದರೂ ಹೇಗೆ?

ಸಂಕಟದ ಸಂಗತಿಯೆಂದರೆ, ಮನೆಶಾಲೆ ಬಯಸುವುದೆಲ್ಲ ನಮ್ಮ ಸಾರ್ವಜನಿಕ ಶಾಲೆಯ ಕನಸಿನಲ್ಲೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮನ್ನು ಓದಿ ನೋಡಿ. ಕಲಿಕೆ ಚಟುವಟಿಕೆ ಮತ್ತು ಶೋಧನೆಯ ಮೂಲಕ, ಶಿಶುಕೇಂದ್ರಿತವಾಗಿ, ಸಾಧ್ಯವಿದ್ದಷ್ಟು ಮಾತೃಭಾಷೆಯಲ್ಲಿ, ಭಯವಿಲ್ಲದೆ ನಡೆಯಬೇಕೆಂದು ಅಲ್ಲಿದೆ. ಕರ್ನಾಟಕ ಇದನ್ನು ಕಾಯ್ದೆಗೂ ಮೊದಲೇ ಮಾಡಿ ನೋಡಿತ್ತು. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ, ಶಿಕ್ಷಕರೇ ಕುಳಿತು 'ನಲಿ-ಕಲಿ'ಯನ್ನು ರೂಪಿಸಿದರು. ಅಲ್ಲಿ ಬೇರೆಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಮಗುವೇ ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕೆಲವರು ಶಿಕ್ಷಕರ ನೆರವಿನಿಂದ, ಕೆಲವರು ಜೊತೆಯ ಮಕ್ಕಳ ನೆರವಿನಿಂದ, ಕೆಲವರು ಒಬ್ಬರೇ ಕಲಿಯುತ್ತಾರೆ. ವಾರಗಟ್ಟಲೆ ಊರಿಗೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ವಲಸೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ವಿಧಾನ ಯಾವುದಿದೆ?

ಆದರೆ 2009-10ರಿಂದ ರಾಜ್ಯದಾದ್ಯಂತ ವಿಸ್ತರಿಸಿದಾಗ ನಲಿ-ಕಲಿಯ ಕಾರ್ಡುಗಳು ಹೋದವು, ಅವನ್ನು ಬರೆದ ಶಿಕ್ಷಕರ ಸ್ವಾತಂತ್ರ್ಯ ಜೊತೆಗೆ ಹೋಗಲಿಲ್ಲ. ಎಷ್ಟೋ ಕಡೆ ಅದು ತುಂಬಬೇಕಾದ ನಮೂನೆಯಾಯಿತು. ಇದೇ ಸರ್ಕಾರಿ ವ್ಯವಸ್ಥೆ 2023ರ ಮಾರ್ಚಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದು 5 ಮತ್ತು 8ನೇ ತರಗತಿಯ ಮಕ್ಕಳಿಗೆ ಬೋರ್ಡ್ ಮಾದರಿಯ ಪರೀಕ್ಷೆ ನಡೆಸಿತು. ಇಂತಹ ಹೊತ್ತಿನಲ್ಲಿ ಪ್ರಶ್ನಿಸಬೇಕಾದ ಪೋಷಕರು ಎಲ್ಲಿದ್ದರು? ಓದುಬರಹ ಬಲ್ಲ, ಅಧಿಕಾರಿಗಳ ಮುಂದೆ ಕುಳಿತು ಮಾತಾಡಬಲ್ಲ ಪೋಷಕರು ಮೊದಲು ಸರ್ಕಾರಿ ಶಾಲೆಯಿಂದ ಖಾಸಗಿ ಶಾಲೆಗೆ ಹೋದರು. ಈಗ ಅವರಲ್ಲಿ ಹೆಚ್ಚು ಸೂಕ್ಷ್ಮಮತಿಗಳಾದವರು ಖಾಸಗಿ ಶಾಲೆಯಿಂದ ಮನೆಗೆ ಹೋಗುತ್ತಿದ್ದಾರೆ. ಶಾಲೆಯ ಅತ್ಯುತ್ತಮ ಟೀಕಾಕಾರರು ಶಾಲೆಯ ಅಂಗಳದಲ್ಲೇ ಇಲ್ಲ.

ಮುಸ್ಲಿಂ ಓದುಗರಿಗೆ ಈ ಪ್ರಶ್ನೆ ಇನ್ನೊಂದು ಬಗೆಯಲ್ಲೂ ಎದುರಾಗಿದೆ. 2022ರಲ್ಲಿ ತಲೆವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಂತ ಹೆಣ್ಣುಮಕ್ಕಳಲ್ಲಿ ಹಲವರಿಗೆ ಮನೆಯಲ್ಲಿ ಕುಳಿತು ಓದುವುದು ಆಯ್ಕೆಯಾಗಿರಲಿಲ್ಲ, ಗತ್ಯಂತರವಾಗಿತ್ತು. ಆ ಗಾಯದ ನಂತರ "ನಮ್ಮ ಮಕ್ಕಳನ್ನು ನಾವೇ ಮನೆಯಲ್ಲಿ ಕಲಿಸೋಣ" ಎಂಬ ಮಾತು ನಮ್ಮ ಕೂಟಗಳಲ್ಲೂ ಕೇಳಿಬರುತ್ತದೆ. ಆ ನೋವು ಅರ್ಥವಾಗುತ್ತದೆ. ಆದರೆ ಅಪಾರ್ಟ್‌ಮೆಂಟಿನ ಗೋಡೆಯಾಗಲಿ, ಸಮುದಾಯದ ಗೋಡೆಯಾಗಲಿ, ಗೋಡೆಯೊಳಗೆ ಬೆಳೆದ ಮಗು ಪಕ್ಕದ ಮಗುವನ್ನು ಅರಿಯುವುದಿಲ್ಲ. ಪೀಣ್ಯದ ಕಾರ್ಖಾನೆಯ ದುಡಿಮೆಗಾರನ ಮಗ, ಹೂವಾಡಗಿತ್ತಿಯ ಮಗಳು, ಮಸೀದಿಯ ಮುಅದ್ದಿನ್‌ರ ಮಗ ಒಂದೇ ಬೆಂಚಿನಲ್ಲಿ ಕುಳಿತು ಬಿಸಿಯೂಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಜಾಗ ಸರ್ಕಾರಿ ಶಾಲೆಯ ಹೊರತು ಈ ನಗರದಲ್ಲಿ ಇನ್ನೆಷ್ಟು ಉಳಿದಿವೆ? ಪಠ್ಯಪುಸ್ತಕವನ್ನು ಮನೆಯಲ್ಲಿ ಕಲಿಸಬಹುದು. ಆ ಬೆಂಚನ್ನು ಮನೆಯಲ್ಲಿ ಮಾಡಿಕೊಡಲಾಗದು.

ಗೆಳೆಯರು ಮಗನನ್ನು ನಾಳೆಯೇ ಶಾಲೆಗೆ ಅಟ್ಟಲಿ ಎಂದು ನಾನು ಹೇಳುವುದಿಲ್ಲ. ಆ ಮಗುವಿನ ಹುರುಪು ಬೆಲೆಯುಳ್ಳದ್ದು, ಅದನ್ನು ಕಾಪಾಡಿದ ತಾಯಿಯ ಶ್ರಮವೂ ಬೆಲೆಯುಳ್ಳದ್ದು. ಆದರೆ ಅವರು ಮನೆಯಲ್ಲಿ ಕಂಡುಕೊಂಡದ್ದು ಮನೆಯಲ್ಲೇ ಉಳಿದರೆ ಅದು ಒಂದು ಕುಟುಂಬದ ಅದೃಷ್ಟ ಮಾತ್ರ. ಅವರ ಅಪಾರ್ಟ್‌ಮೆಂಟಿಗೆ ಹತ್ತಿರದಲ್ಲೇ ಒಂದು ಸರ್ಕಾರಿ ಶಾಲೆಯಿದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರುವ ಹಕ್ಕನ್ನು ಕಾಯ್ದೆಯ 4ನೇ ಕಲಮು ಶೆಡ್ಡಿನ ಹುಡುಗಿಗೆ ಕೊಟ್ಟಿದೆ. ವಯಸ್ಸಿನ ದಾಖಲೆಯಿಲ್ಲವೆಂದು ಅವಳನ್ನು ಹಿಂದಕ್ಕೆ ಕಳುಹಿಸುವಂತಿಲ್ಲವೆಂದು 14ನೇ ಕಲಮು ಹೇಳುತ್ತದೆ. ಅವಳ ತಾಯಿಗೆ ಇದನ್ನು ಹೇಳುವವರು ಬೇಕು. ಅವಳ ಕೈಹಿಡಿದು ಶಾಲೆಯ ತನಕ ನಡೆಯುವವರು ಬೇಕು.

ಹೊರಡುವ ಮುನ್ನ ಆ ಹುಡುಗಿಗೆ ಅವಳ ಹೆಸರು ಬರೆಯಲು ಬರುತ್ತದೆಯೇ ಎಂದು ಕೇಳಿದೆ. ತಮ್ಮನನ್ನು ಕೆಳಗಿಳಿಸಿ, ಒದ್ದೆ ಮಣ್ಣಿನಲ್ಲಿ ಬೆರಳಿನಿಂದ ಮೂರಕ್ಷರ ಬರೆದಳು. ಅಷ್ಟರಲ್ಲಿ ಮಳೆ ಹನಿಯತೊಡಗಿತು.