ಬೆನ್ಸ್ ಜೋನ್ಸ್ ಪ್ರೋಟೀನು: ಹೆಸರು ಮತ್ತು ಮೂಲ

ವೈದ್ಯಶಾಸ್ತ್ರದ ಚರಿತ್ರೆಗಳಲ್ಲಿ ಬೆನ್ಸ್ ಜೋನ್ಸ್ ಪ್ರೋಟೀನಿನ ಶೋಧವನ್ನು ಒಬ್ಬನದೇ ಕೀರ್ತಿಯೆಂಬಂತೆ ನಿರೂಪಿಸುವುದುಂಟು. ಈ ನಿರೂಪಣೆಯನ್ನು ನಾವು ಒಪ್ಪಲಾರೆವು.

1845ರ ನವೆಂಬರಿನಲ್ಲಿ ಲಂಡನ್ನಿನ ವೈದ್ಯ ಥಾಮಸ್ ವಾಟ್ಸನ್, ಮೂಳೆನೋವಿನಿಂದ ನರಳುತ್ತಿದ್ದ ವ್ಯಾಪಾರಿಯೊಬ್ಬನ ಮೂತ್ರವನ್ನು ಹೆನ್ರಿ ಬೆನ್ಸ್ ಜೋನ್ಸನ ಪರೀಕ್ಷೆಗೆ ಕಳುಹಿಸಿದನು. ಆಮ್ಲ ಬೆರೆಸಿದಾಗ ಅದರಲ್ಲಿ ಉಂಟಾಗುವ ಗಷ್ಟು ಕಾಸಿದರೆ ಕರಗುತ್ತಿತ್ತು, ಆರಿದರೆ ಮರಳಿ ಕಟ್ಟುತ್ತಿತ್ತು. ಈ ವೈಚಿತ್ರ್ಯವನ್ನು ರೋಗಿಯ ಬಳಿಯಿದ್ದ ವಿಲಿಯಂ ಮ್ಯಾಕಿಂಟೈರ್ ಕಂಡಿದ್ದನು. ಆದರೆ ಅವನ ವರದಿ ಪ್ರಕಟವಾದದ್ದು 1850ರಲ್ಲಿ. ಬೆನ್ಸ್ ಜೋನ್ಸನ ಲೇಖನಗಳು 1847 ಮತ್ತು 1848ರಲ್ಲೇ ಹೊರಬಂದಿದ್ದವು. ಹೆಸರು ಅವನಿಗೇ ಸಂದಿತು.

ಕೀರ್ತಿಯ ಹಂಚಿಕೆಗಿಂತ ಮುಖ್ಯವಾದ ಸಂಗತಿ ಬೇರೊಂದುಂಟು. 1846ರಲ್ಲಿ ರೋಗಿಯು ತೀರಿಕೊಂಡ ಮೇಲೆ ಅವನ ಮೂಳೆಗಳನ್ನು ಜಾನ್ ಡ್ಯಾಲ್‌ರಿಂಪಲ್ ಎಂಬ ಶಸ್ತ್ರವೈದ್ಯನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕೇಂದ್ರಬೀಜವುಳ್ಳ ಜೀವಕೋಶಗಳು ಅಲ್ಲಿ ತುಂಬಿರುವುದನ್ನು ಅದೇ ವರ್ಷ ಪ್ರಕಟಿಸಿದನು. (ಇಂದು ಅವನ ಹೆಸರು ಉಳಿದಿರುವುದು ಕಣ್ಣಿನ ರೆಪ್ಪೆಯ ಒಂದು ರೋಗಲಕ್ಷಣದಲ್ಲಿ!) ಹೀಗೆ ಒಬ್ಬನೇ ರೋಗಿಯಲ್ಲಿ ಪ್ರೋಟೀನೂ ಅದನ್ನು ಹಡೆದ ಜೀವಕೋಶವೂ ಒಂದು ವರ್ಷದೊಳಗೆ ಕಾಣಿಸಿಕೊಂಡಿದ್ದವು. ಅವೆರಡನ್ನೂ ಯಾರೂ ಜೋಡಿಸಲಿಲ್ಲ. ಬೆನ್ಸ್ ಜೋನ್ಸನು ಆ ವಸ್ತುವನ್ನು ಆಲ್ಬ್ಯುಮಿನ್ನಿನ ಒಂದು ಆಕ್ಸೈಡೆಂದು ಬಗೆದನು.

ಇದನ್ನು 'ವಿಳಂಬ'ವೆಂದು ಕರೆಯುವುದು ಚರಿತ್ರಕಾರನಿಗೆ ಸಲ್ಲದು. ವಿರ್ಖೋವನ ಕೋಶೀಯ ರೋಗಶಾಸ್ತ್ರವು ಬಂದದ್ದು 1858ರಲ್ಲಿ. ಪ್ರತಿಕಾಯವೆಂಬ ಕಲ್ಪನೆ ಆ ಶತಮಾನದ ಕೊನೆಯ ದಶಕದ್ದು. ಕೇಳದ ಪ್ರಶ್ನೆಗೆ ಉತ್ತರಿಸಲಿಲ್ಲವೆಂದು ಹಿಂದಿನವರನ್ನು ದೂರುವುದು ನ್ಯಾಯವೆ? ಒಬ್ಬ ವೀರನ ಕಥೆಯಲ್ಲಿ ಮರೆಯಾಗುವುದು ಈ ಅಂತರವೇ.

1900ರಲ್ಲಿ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್ ಈ ಮಜ್ಜೆಯ ಗೆಡ್ಡೆಯ ಕೋಶಗಳನ್ನು ಪ್ಲಾಸ್ಮಾ ಕೋಶಗಳೆಂದು ಗುರುತಿಸಿದನು. ಆ ಕೋಶಗಳ ಕಾರ್ಯವೇನೆಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ಅವು ಪ್ರತಿಕಾಯಗಳನ್ನು ತಯಾರಿಸುತ್ತವೆಂಬುದಕ್ಕೆ ಬಲವಾದ ಆಧಾರವನ್ನು ಸ್ವೀಡನ್ನಿನ ವಿದುಷಿ ಆಸ್ಟ್ರಿಡ್ ಫಾಗ್ರೇಯಸ್ 1948ರಲ್ಲಿ ಒದಗಿಸಿದಳು. ಒಂದೇ ಕೋಶದ ಸಂತತಿ ಮಿತಿಮೀರಿ ಬೆಳೆದು ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತದೆಂಬ ವಿಚಾರವನ್ನು ವಾಲ್ಡೆನ್‌ಸ್ಟ್ರೋಮ್ 1961ರಲ್ಲಿ ಮಂಡಿಸಿದನು.

ಮರುವರ್ಷ ಎಡೆಲ್ಮನ್ ಮತ್ತು ಗ್ಯಾಲಿ ಒಬ್ಬನೇ ರೋಗಿಯ ಮೂತ್ರದ ಪ್ರೋಟೀನನ್ನೂ, ಅವನ ರಕ್ತದ ಅಸಹಜ ಪ್ರೋಟೀನಿನಿಂದ ಬೇರ್ಪಡಿಸಿದ ಹಗುರ ಸರಪಳಿಯನ್ನೂ ಹೋಲಿಸಿದರು. ಎರಡೂ ಒಂದೇ ಆಗಿದ್ದವು. ಕಾಸಿದಾಗ ಗಷ್ಟುಗಟ್ಟಿ, ಇನ್ನೂ ಕಾಸಿದರೆ ಕರಗಿ, ಆರಿದಾಗ ಮರಳಿ ಕಟ್ಟುವ ಹಳೆಯ ಗುಣವನ್ನು ರಕ್ತದಿಂದ ತೆಗೆದ ಆ ಸರಪಳಿಯೂ ತೋರಿಸಿತು.